ಮೀನಿನ ಕಾಯಿಲೆಯೋ, ನೀರಿನ ಕಾಯಿಲೆಯೋ

ನಾಯಿ, ಬೆಕ್ಕು ಸಾಕಬಾರದು ಎಂದು ಕರಾರಿನಲ್ಲೇ ಬರೆಸಿಕೊಳ್ಳುವ ಮನೆ ಮಾಲೀಕರು ಮೀನಿನ ತಂಟೆಗೆ ಬರುವುದಿಲ್ಲ. ಠಾಣೆಯಲ್ಲಾಗಲಿ, ಪುಣೆ, ಹೈದರಾಬಾದುಗಳಲ್ಲಾಗಲಿ, ಊರು ಬಿಟ್ಟು ಬಂದ ನಮ್ಮಂಥವರ ಹಾಲಿನಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಎರಡು ಗೋಲ್ಡ್‌ಫಿಶ್ ಇರುವುದಕ್ಕೆ ಅದೂ ಒಂದು ಕಾರಣ. ಎರಡನೆಯ ವಾರಕ್ಕೆ ಮೀನು ಮೂಲೆ ಹಿಡಿಯುತ್ತದೆ. ಈಜುರೆಕ್ಕೆ ಮುದುಡಿಕೊಳ್ಳುತ್ತದೆ, ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ. ಅಂಗಡಿಯವನು ಒಂದು ನೀಲಿ ಔಷಧದ ಬಾಟಲಿ ಕೊಟ್ಟು ದಿನಕ್ಕೆ ಇಷ್ಟು ಹನಿ ಎನ್ನುತ್ತಾನೆ. ನಾಲ್ಕನೆಯ ದಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಮಗು ಅಳುತ್ತದೆ, ಭಾನುವಾರ ಹೊಸ ಮೀನು ಬರುತ್ತದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಗೋಲ್ಡ್‌ಫಿಶ್ ಒಂದು 1999ರವರೆಗೆ ಬದುಕಿತ್ತು, 43 ವರ್ಷ. ನಮ್ಮ ಮನೆಗಳಲ್ಲಿ ಅದರ ಆಯಸ್ಸು ಹಾಲಿನ ಪ್ಯಾಕೆಟ್ಟಿನದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ನಾನು ಪುಣೆ ಬಳಿಯ ಕಾರ್ಖಾನೆಯೊಂದರಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ನೋಡಿಕೊಳ್ಳುವವನು. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಎಂಬ ಮೂರು ಅಂಕಿಗಳನ್ನು ಬೆಳಿಗ್ಗೆ ನೋಡದೆ ಚಹಾ ಕುಡಿಯದ ನೌಕರಿ. ಹಾಗಾಗಿ ಗೆಳೆಯರು ಫೋನ್ ಮಾಡಿ ಮೀನಿಗೆ ಹುಷಾರಿಲ್ಲ, ಯಾವ ಔಷಧ ಹಾಕಲಿ ಎಂದರೆ ನಾನು ಮೊದಲು ಕೇಳುವುದು ತೊಟ್ಟಿಯ ಸಮಾಚಾರ. ತಂದು ಎಷ್ಟು ದಿನವಾಯಿತು, ಎಷ್ಟು ಲೀಟರು ಹಿಡಿಯುತ್ತದೆ, ನೀರು ಬದಲಾಯಿಸಿದ್ದು ಯಾವಾಗ, ಪೂರ್ತಿಯೋ ಅರ್ಧವೋ. ಬಹುಪಾಲು ಸಲ ಮೀನಿನ ವಿಷಯಕ್ಕೆ ಬರುವಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ. ಈ ಪ್ರಶ್ನೆಗಳ ಹಿಂದಿರುವ ಚರಿತ್ರೆ ನನಗೆ ಬಹಳ ಪ್ರಿಯವಾದದ್ದು. ಒಂದು ಕಡೆ ಕೈಗೆ ತಿಳಿದಿದ್ದ ವಿದ್ಯೆ ಇನ್ನೊಂದು ಕಡೆ ಹೋಗುವಾಗ ದಾರಿಯಲ್ಲಿ ಬಿದ್ದುಹೋಗಿ, ಅದನ್ನು ಮತ್ತೆ ಹುಡುಕಲು ನೂರಾರು ವರ್ಷ ಹಿಡಿದ ಕತೆ ಅದು.

ಗೋಲ್ಡ್‌ಫಿಶ್ ಮೂಲತಃ ಚೀನಾದ ಬೂದುಬಣ್ಣದ ಸಾಧಾರಣ ಕೆರೆ ಮೀನು. ನಮ್ಮ ಕಾಟ್ಲಾ, ರೋಹುಗಳ ದೂರದ ನೆಂಟ. ಸಾವಿರಕ್ಕೊಂದು ಕೆಂಪಗೆ ಹುಟ್ಟುತ್ತಿತ್ತು. ಅಂಥದ್ದನ್ನು ಹಿಡಿದವರು ತಿನ್ನದೆ ಬೌದ್ಧ ವಿಹಾರಗಳ ಕೊಳಕ್ಕೆ ತಂದು ಬಿಡುತ್ತಿದ್ದರು. ಹಿಡಿದ ಜೀವವನ್ನು ಬಿಟ್ಟರೆ ಪುಣ್ಯವೆಂಬ ನಂಬಿಕೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. 12ನೆಯ ಶತಮಾನದಲ್ಲಿ ಹಾಂಗ್‌ಝೌ ನಗರದಲ್ಲಿ, ಸಿಂಹಾಸನ ಬಿಟ್ಟು ವಿಶ್ರಾಂತಿಗಿಳಿದ ಸಾಂಗ್ ಚಕ್ರವರ್ತಿ ಗಾವೊಜೊಂಗ್ ತನ್ನ ಅರಮನೆಯಲ್ಲಿ ಬಂಗಾರದ ಮೀನಿಗೆಂದೇ ಕೊಳ ಮಾಡಿಸಿಕೊಂಡ. ಅದಕ್ಕೆ ಮೂವತ್ತು ಚಿಲ್ಲರೆ ವರ್ಷ ಮೊದಲು ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆಸಿದ್ದ; ಅದರ ಮತ್ಸ್ಯವಿನೋದ ಭಾಗದಲ್ಲಿ ಯಾವ ಮೀನಿಗೆ ಏನು ತಿನ್ನಿಸಿ ಕೊಬ್ಬಿಸಬೇಕೆಂಬ ವಿವರವಿದೆ. ಆದರೆ ಆ ಉಪಚಾರವೆಲ್ಲ ಗಾಳಕ್ಕೆ ಸಿಕ್ಕಿಸುವುದಕ್ಕೆ. ನೋಡುವುದಕ್ಕೇ ಮೀನು ಸಾಕುವ ಹುಚ್ಚು ಹತ್ತಿದ್ದು ಹಾಂಗ್‌ಝೌದವರಿಗೆ. 13ನೆಯ ಶತಮಾನದ ಆರಂಭದಲ್ಲಿ ಯುಯೆ ಕ ಎಂಬ ಲೇಖಕ, ಅಲ್ಲಿನ ಮೀನು ಸಾಕುವವರು ತಮ್ಮ ಗುಟ್ಟು ಯಾರಿಗೂ ಬಿಟ್ಟುಕೊಡುವುದಿಲ್ಲ, ಪೇಟೆಯ ಚರಂಡಿಯ ಸಣ್ಣ ಕೆಂಪು ಹುಳ ತಿನ್ನಿಸುತ್ತಾರಂತೆ ಎಂದು ಬರೆದಿಟ್ಟಿದ್ದಾನೆ. ಕೆಂಪು ಹುಳ ಈಗಲೂ ಅಕ್ವೇರಿಯಂ ಅಂಗಡಿಯ ಫ್ರಿಜ್ಜಿನಲ್ಲಿ ಸಿಗುತ್ತದೆ.

ಕೊಳದಲ್ಲಿರುವವರೆಗೆ ಮೀನಿನ ಆರೋಗ್ಯ ಅಷ್ಟು ದೊಡ್ಡ ವಿಷಯವಾಗಿರಲಿಲ್ಲ. ನೀರು ಹೆಚ್ಚು, ಕೆಸರಿತ್ತು, ಪಾಚಿಯಿತ್ತು. ಮಿಂಗ್ ಕಾಲದಲ್ಲಿ ಮೀನು ಅಂಗಳದ ಮಣ್ಣಿನ ಬಾನಿಗಳಿಗೆ ಬಂದ ಮೇಲೆ ಆರೈಕೆ ಒಂದು ವಿದ್ಯೆಯಾಯಿತು. 1596 ಈ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. ಆ ವರ್ಷ ಜಾಂಗ್ ಚಿಯಾಂದ ಎಂಬ ತರುಣ ಕೆಂಪು ಮೀನುಗಳ ಮೇಲೊಂದು ಪುಸ್ತಕ ಬರೆದ; ಅದೇ ವರ್ಷ ಲಿ ಶಿಝೆನ್‌ನ ಮಹಾ ಔಷಧಕೋಶ ‘ಬೆನ್‌ಸಾವ್ ಗಾಂಗ್‌ಮು’ ಅಚ್ಚಾಗಿ ಬಂತು. ಲಿ ಶಿಝೆನ್ ಗೋಲ್ಡ್‌ಫಿಶ್ ಈಗ ಮನೆಮನೆಯಲ್ಲೂ ಇದೆ ಎಂದು ಹೇಳಿ ಎರಡು ಮಾತು ಸೇರಿಸುತ್ತಾನೆ: ನೊರೆಕಾಯಿಯ ನೀರು ಬಿದ್ದರೆ ಇದು ಸಾಯುತ್ತದೆ, ಬಿಳಿ ಪಾಪ್ಲರ್ ಮರದ ತೊಗಟೆ ಹಾಕಿದರೆ ಹೇನು ಹತ್ತುವುದಿಲ್ಲ. ನೊರೆಕಾಯಿ ಎಂದರೆ ನಮ್ಮ ಅಂಟುವಾಳ, ಸೀಗೆಕಾಯಿಗಳ ಗುಣದ್ದು. ನೊರೆ ಬರಿಸುವ ಅಂಶ ಮೀನಿನ ಕಿವಿರನ್ನು ಕೆಡಿಸುತ್ತದೆ. ಹಳ್ಳಕ್ಕೆ ಕಾರೆಕಾಯಿ ಜಜ್ಜಿ ಹಾಕಿ ಮೀನು ಮಂಕು ಮಾಡಿ ಹಿಡಿಯುವುದನ್ನು ಕಂಡವರಿಗೆ ಅರ್ಥವಾಗುತ್ತದೆ. ತೊಟ್ಟಿಯನ್ನು ಪಾತ್ರೆ ತಿಕ್ಕುವ ಸೋಪಿನಿಂದ ತೊಳೆಯಬೇಡಿ ಎಂದು ಈಗ ಹೇಳುವುದೂ ಇದನ್ನೇ. ಹೇನು ಎಂದದ್ದು ಮೀನಿನ ಮೈಗೆ ಅಂಟಿ ರಕ್ತ ಹೀರುವ ಜೀವಿ, ಬರಿಗಣ್ಣಿಗೂ ಕಾಣುತ್ತದೆ.

ಜಾಂಗ್ ಚಿಯಾಂದ ಕೊಡುವ ಸಲಹೆ ಇನ್ನೂ ಹತ್ತಿರದ್ದು. ನೀರು ಬದಲಾಯಿಸಿದ ಒಂದೆರಡು ದಿನಕ್ಕೆ ಬಾನಿಯ ತಳದಲ್ಲಿ ಕೊಳೆ ಕೂರುತ್ತದೆ, ಬಿದಿರಿನ ಕೊಳವೆಯಿಂದ ಆಗಾಗ ಅದನ್ನು ಹೀರಿ ತೆಗೆಯಬೇಕು ಎನ್ನುತ್ತಾನೆ. ಇಂದಿನ ಪ್ಲಾಸ್ಟಿಕ್ ಸೈಫನ್ ಮಾಡುವುದು ಅದನ್ನೇ. ಅಮೋನಿಯಾ ಎಂಬ ಹೆಸರೇ ಇಲ್ಲದ ಕಾಲದಲ್ಲಿ ವಿಷ ಎಲ್ಲಿ ಹುಟ್ಟುತ್ತದೆ ಎಂದು ಆತನ ಕಣ್ಣು ಗುರುತಿಸಿತ್ತು.

16ನೆಯ ಶತಮಾನದಲ್ಲಿ ಈ ಮೀನು ಜಪಾನಿಗೆ ದಾಟಿತು. 1724ರಲ್ಲಿ ಯಾನಗಿಸಾವಾ ಮನೆತನ ಕಾಯ್ ಪ್ರಾಂತದಿಂದ ಯಮಾತೊ-ಕೊರಿಯಾಮಾಕ್ಕೆ ವರ್ಗವಾದಾಗ ಜೊತೆಗೆ ಮೀನನ್ನೂ ಒಯ್ದಿತು. ಆ ಊರು ಇವತ್ತಿಗೂ ಗೋಲ್ಡ್‌ಫಿಶ್ ಊರು. ಜಪಾನಿನ ಸಾಕಣೆಗಾರರಲ್ಲಿ ‘ತಾನೆಮಿಜು’ ಎಂಬ ಮಾತಿದೆ. ಬೀಜದ ನೀರು ಎಂದರ್ಥ. ಪಾಚಿಯಿಂದ ಹಸಿರಾದ ಹಳೆಯ ನೀರನ್ನು ಸ್ವಲ್ಪ ಉಳಿಸಿಕೊಂಡು ಹೊಸ ನೀರಿಗೆ ಬೆರೆಸುತ್ತಾರೆ. ನಮ್ಮ ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಹೆಪ್ಪು. ಪಾತ್ರೆ ಪೂರ್ತಿ ತೊಳೆದು ಹೊಸ ಹಾಲು ಸುರಿದು, ಹೆಪ್ಪು ಹಾಕದೆ ಮೊಸರಾಗಲಿ ಎಂದು ಯಾವ ಅಜ್ಜಿಯೂ ಕಾಯುವುದಿಲ್ಲ. ಮೀನಿನ ತೊಟ್ಟಿಯಲ್ಲಿ ನಾವು ಮಾಡುವುದು ಅದನ್ನೇ: ಭಾನುವಾರ ಮೀನನ್ನು ಮಗ್ಗಿಗೆ ಹಾಕಿ, ಕಲ್ಲು, ಫಿಲ್ಟರ್, ಗಾಜು ಎಲ್ಲ ನಲ್ಲಿಯ ಕೆಳಗೆ ಹಿಡಿದು ತಿಕ್ಕಿ, ಫಳಫಳ ಹೊಳೆಯಿಸಿ, ನಲ್ಲಿ ನೀರು ತುಂಬುತ್ತೇವೆ.

ಯುರೋಪಿಗೆ ಮೀನು ಹೋಯಿತು, ಹೆಪ್ಪು ಹೋಗಲಿಲ್ಲ. ಅಲ್ಲಿ ಅದು ದೂರದೇಶದ ಒಡವೆ. 1665ರ ಮೇ ತಿಂಗಳಲ್ಲಿ ಸ್ಯಾಮ್ಯುಯಲ್ ಪೆಪಿಸ್ ಲಂಡನ್ನಿನ ಒಂದು ಮನೆಯಲ್ಲಿ ಗಾಜಿನ ಪಾತ್ರೆಯ ನೀರಿನಲ್ಲಿ ವಿದೇಶಿ ಮೀನುಗಳನ್ನು ಕಂಡು, ಅವು ಹಾಗೇ ಸದಾಕಾಲ ಬದುಕುತ್ತವೆ ಎಂದು ನಂಬಿ ದಿನಚರಿಯಲ್ಲಿ ಬರೆದುಕೊಂಡ. ಅವು ಗೋಲ್ಡ್‌ಫಿಶ್ಶೇ ಹೌದೋ ಎಂದು ಪಂಡಿತರು ಇನ್ನೂ ವಾದಿಸುತ್ತಾರೆ. 1747ರಲ್ಲಿ ಹೊರೇಸ್ ವಾಲ್ಪೋಲನ ಬೆಕ್ಕು ಸೆಲಿಮಾ ಬಂಗಾರದ ಮೀನಿಗೆ ಆಸೆಪಟ್ಟು ಚೀನೀ ಪಿಂಗಾಣಿ ತೊಟ್ಟಿಗೆ ಬಿದ್ದು ಸತ್ತಾಗ ಕವಿ ಥಾಮಸ್ ಗ್ರೇ ಅದರ ಮೇಲೊಂದು ಪದ್ಯ ಬರೆದ. ಬೆಕ್ಕಿಗೆ ಪದ್ಯ ಸಿಕ್ಕಿತು. ಆ ಕಾಲದಲ್ಲಿ ಸತ್ತ ಸಾವಿರಾರು ಮೀನಿಗೆ ಏನೂ ಸಿಗಲಿಲ್ಲ.

ಮೀನಿನ ಸಾವನ್ನು ಗಮನವಿಟ್ಟು ನೋಡಿದವರಲ್ಲಿ ನನಗೆ ಇಷ್ಟವಾದವನು ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್. 1789ರಲ್ಲಿ ಬಂದ ಅವನ ಪುಸ್ತಕದಲ್ಲಿ ಗಾಜಿನ ಬಟ್ಟಲಿನ ಗೋಲ್ಡ್‌ಫಿಶ್ ಮೇಲೆ ಕೆಲವು ಪುಟಗಳಿವೆ. ಕಾಯಿಲೆ ಬಿದ್ದ ಮೀನಿನ ತಲೆ ಹೇಗೆ ಕೆಳಗೆ ಕೆಳಗೆ ಇಳಿಯುತ್ತದೆ, ತಲೆಯ ಮೇಲೆ ನಿಂತಂತಾಗಿ, ಬಲ ಕುಂದಿದಂತೆ ಬಾಲ ಮಗುಚಿ ಹೇಗೆ ಹೊಟ್ಟೆ ಮೇಲಾಗಿ ತೇಲುತ್ತದೆ ಎಂದು ಬರೆದಿದ್ದಾನೆ. ಗೋಲ್ಡ್‌ಫಿಶ್ ಏನೂ ತಿನ್ನದೆ ಬರೀ ನೀರಿನಲ್ಲಿ ಬದುಕುತ್ತದೆ ಎಂಬ ಜನರ ನಂಬಿಕೆಯನ್ನು ಅವನು ಒಪ್ಪುವುದಿಲ್ಲ; ಬ್ರೆಡ್ಡಿನ ಪುಡಿ ಹಾಕಿದರೆ ಆತುರದಿಂದ ತಿನ್ನುತ್ತದಲ್ಲ! ಆದರೆ ಪುಡಿ ಕಡಿಮೆ ಹಾಕಿ, ಹುಳಿತರೆ ನೀರು ಕೆಡುತ್ತದೆ ಎಂದು ಎಚ್ಚರಿಸುತ್ತಾನೆ. ಮೀನು, ಊಟ, ನೀರು ಮೂರರ ಸಂಬಂಧ ಅವನ ಕೈಗೆ ಸಿಗುವಷ್ಟು ಹತ್ತಿರವಿತ್ತು.

1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆ ತೆಗೆಯಿತು. ಗಾಜು ಅಗ್ಗವಾಯಿತು, ತೊಟ್ಟಿಗಳು ಮಧ್ಯಮ ವರ್ಗದ ಮನೆ ಹೊಕ್ಕವು. 1849ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ಲಂಡನ್ನಿನ ಅಪಾಥಿಕರೀಸ್ ಹಾಲ್‌ನಲ್ಲಿ, ಅಂದರೆ ಔಷಧ ತಯಾರಕರ ಸಂಘದ ಕಟ್ಟಡದಲ್ಲಿ, ಒಂದು ಪ್ರಯೋಗ ಹೂಡಿದ. ಗಾಜಿನ ಪಾತ್ರೆ, ತಳಕ್ಕೆ ಮರಳು, ಮಣ್ಣು, ಕಲ್ಲು. ವ್ಯಾಲಿಸ್ನೇರಿಯಾ ಎಂಬ ರಿಬ್ಬನ್ನಿನಂಥ ಎಲೆಯ ನೀರುಗಿಡ, ನಮ್ಮ ಕೆರೆಗಳಲ್ಲೂ ಬೆಳೆಯುವಂಥದ್ದು. ಎರಡು ಸಣ್ಣ ಗೋಲ್ಡ್‌ಫಿಶ್. ನೀರು ಬದಲಾಯಿಸದೆ ಇವು ಬದುಕಬಲ್ಲವೇ ಎಂಬುದು ಪ್ರಶ್ನೆ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಲೆಕ್ಕ ಸರಿಹೋಗಬೇಕು. ಕೆಲದಿನ ಚೆನ್ನಾಗಿತ್ತು. ಆಮೇಲೆ ಹಳೆಯ ಎಲೆಗಳು ಕೊಳೆತು, ನೀರು ಬಗ್ಗಡವಾಗಿ, ಲೋಳೆ ಕಟ್ಟತೊಡಗಿತು. ಆಗ ಅವನು ಕೆಲವು ಬಸವನಹುಳು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಊಟವಾಯಿತು, ನೀರು ತಿಳಿಯಾಯಿತು. ಮರುವರ್ಷ ಕೆಮಿಕಲ್ ಸೊಸೈಟಿಯ ಮುಂದೆ ಇದನ್ನು ವರದಿ ಮಾಡಿದ. ಅಕ್ವೇರಿಯಂ ಹುಚ್ಚು ಶುರುವಾದದ್ದು ಇಲ್ಲಿಂದ. 1853ರಲ್ಲಿ ಲಂಡನ್ ಝೂ ಮತ್ಸ್ಯಾಲಯ ತೆರೆಯಿತು, ಮರುವರ್ಷ ಫಿಲಿಪ್ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕ ತಂದ.

ವಾರಿಂಗ್‌ಟನ್ ಲೆಕ್ಕದಲ್ಲಿ ಒಂದು ಖಾತೆ ಬಿಟ್ಟುಹೋಗಿತ್ತು. ಮೀನು ಕಿವಿರಿನ ಮೂಲಕ ಹಗಲೂ ರಾತ್ರಿ ಅಮೋನಿಯಾ ಬಿಡುತ್ತದೆ. ಅದಕ್ಕೆ ಅದೇ ವಿಷ. ಅವನ ಪಾತ್ರೆಯಲ್ಲಿ ಅದು ಎಲ್ಲಿ ಹೋಯಿತು? ಸ್ವಲ್ಪ ಗಿಡ ಹೀರಿಕೊಂಡಿತು. ಉಳಿದದ್ದನ್ನು ಮರಳು, ಮಣ್ಣಿನಲ್ಲಿದ್ದ ಕಣ್ಣಿಗೆ ಕಾಣದ ಜೀವಿಗಳು ತಿಂದವು. ಅವನ ಪ್ರಯೋಗ ಗೆಲ್ಲಲು ಆಮ್ಲಜನಕದಷ್ಟೇ ಮಣ್ಣೂ ಕಾರಣವಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅನುಕರಿಸಿದವರು ತಳವನ್ನು ತಿಕ್ಕಿ ತೊಳೆದರು, ಗಿಡ ನೆಟ್ಟರು, ಮೀನು ಕಳೆದುಕೊಂಡರು.

ಪ್ರಯೋಗ ನಡೆದಾಗ ವಾರಿಂಗ್‌ಟನ್‌ಗೆ ಅವನದೇ ಹೆಸರಿನ, ಹತ್ತು ವರ್ಷದ ಮಗನಿದ್ದ. ಅಪ್ಪನ ಮೀನುಗಳ ನಡುವೆ ಬೆಳೆದ ಈ ಕಿರಿಯ ರಾಬರ್ಟ್ ವಾರಿಂಗ್‌ಟನ್ ಮುಂದೆ ರೋಥಾಮ್‌ಸ್ಟೆಡ್ ಕೃಷಿ ಪ್ರಯೋಗಶಾಲೆ ಸೇರಿದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಒಂದು ಕೆಲಸ ಮಾಡಿದ್ದರು. ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹನಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯಾ ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮಿನ ಆವಿ ಬಿಟ್ಟರೆ ಕೆಲಸ ನಿಂತುಹೋಯಿತು. ಒಂದಿಷ್ಟು ಮಣ್ಣು ಕಲಸಿದ ನೀರು ಹಾಕಿದರೆ ಮತ್ತೆ ಶುರುವಾಯಿತು. ರಾಸಾಯನಿಕ ಕ್ರಿಯೆ ಮಾತ್ರ ಎಂದುಕೊಂಡಿದ್ದು ಜೀವಿಗಳ ಕೆಲಸವೆಂದು ಸಾಬೀತಾಯಿತು. ಕಿರಿಯ ವಾರಿಂಗ್‌ಟನ್ ಇದನ್ನು ಹೊಲದ ಮಣ್ಣಿನಲ್ಲಿ ವರ್ಷಗಟ್ಟಲೆ ಬೆನ್ನು ಹತ್ತಿ, ಕೆಲಸ ಎರಡು ಮೆಟ್ಟಿಲಲ್ಲಿ ನಡೆಯುತ್ತದೆ ಎಂದು ತೋರಿಸಿದ. ಒಂದು ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅವುಗಳನ್ನು ಶುದ್ಧವಾಗಿ ಬೇರ್ಪಡಿಸಲು ಅವನಿಗೆ ಆಗಲಿಲ್ಲ. ಆ ಕೀರ್ತಿ 1890ರ ಹೊತ್ತಿಗೆ ರಷ್ಯಾದ ವಿನೊಗ್ರಾಡ್‌ಸ್ಕಿಗೆ ಹೋಯಿತು.

ಈ ಜೀವಿಗಳ ದುಡಿಮೆಯನ್ನು ನಮ್ಮ ದೇಶ ಬಹಳ ಹಿಂದೆಯೇ ಮಾರಿಕೊಂಡಿತ್ತು ಎಂಬುದು ಬೇರೆ ವಿಷಯ. ಬಿಹಾರದಲ್ಲಿ ದನದ ಗಂಜಲ ನೆನೆದ ಕೊಟ್ಟಿಗೆ ಮಣ್ಣಿನಿಂದ ತೆಗೆಯುತ್ತಿದ್ದ ಪೆಟ್ಲುಪ್ಪು ಹಡಗು ಹಡಗಾಗಿ ಯುರೋಪಿನ ಮದ್ದುಗುಂಡಿಗೆ ಹೋಗುತ್ತಿತ್ತು. ಅದೂ ನೈಟ್ರೇಟೇ.

ಅಪ್ಪ ಮೀನಿನ ತೊಟ್ಟಿಯಲ್ಲಿ ಬಿಟ್ಟ ಖಾತೆಯನ್ನು ಮಗ ಗೋಧಿ ಹೊಲದಲ್ಲಿ ತುಂಬಿದ. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ಅಂಗಡಿಯಿಂದ ತಂದ ಮೀನು ಎರಡನೆಯ ವಾರವೇ ಯಾಕೆ ಮೂಲೆ ಹಿಡಿಯುತ್ತದೆ ಎನ್ನುವುದು ನಿಚ್ಚಳವಾಗುತ್ತದೆ. ಹೊಸ ತೊಟ್ಟಿಯಲ್ಲಿ ಆ ಜೀವಿಗಳಿಲ್ಲ. ಫ್ರೆಂಚರ ಕೊಳವೆಯ ಇಪ್ಪತ್ತು ದಿನ ಅಲ್ಲೂ ಕಳೆಯಬೇಕು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಮೊದಲು ಅಮೋನಿಯಾ ಏರುತ್ತದೆ, ಕಿವಿರು ಸುಡುತ್ತದೆ, ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ, ಬಾಲದಲ್ಲಿ ಕೆಂಪು ಗೆರೆ ಮೂಡುತ್ತವೆ. ಅಮೋನಿಯಾ ಇಳಿಯುವಾಗ ನೈಟ್ರೈಟ್ ಏರುತ್ತದೆ. ಅದು ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿ ಕಸಿಯುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆರು ವಾರ ದಾಟಿದ ಮೀನು ವರ್ಷಗಟ್ಟಲೆ ಇರುತ್ತದೆ. ಭಾನುವಾರದ ಫಳಫಳ ಕಾರ್ಯಕ್ರಮ ಇದ್ದ ಮನೆಯಲ್ಲಿ ಮಾತ್ರ ಆ ಆರು ವಾರ ಎಂದಿಗೂ ಮುಗಿಯುವುದಿಲ್ಲ, ಏಕೆಂದರೆ ನಲ್ಲಿ ನೀರಿನ ಕ್ಲೋರಿನ್ ಆ ಜೀವಿಗಳನ್ನು ವಾರಕ್ಕೊಮ್ಮೆ ಕೊಲ್ಲುತ್ತಿರುತ್ತದೆ.

ಇನ್ನು ಆ ನೀಲಿ ಬಾಟಲಿ. ಅದರಲ್ಲಿರುವುದು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. 1876ರಲ್ಲಿ ಜರ್ಮನಿಯ ಹೈನ್ರಿಚ್ ಕಾರೊ ಬಟ್ಟೆಗೆ ಬಣ್ಣ ಹಾಕಲೆಂದು ಮಾಡಿದ್ದು. 1891ರಲ್ಲಿ ಪಾಲ್ ಎರ್ಲಿಚ್ ಮತ್ತು ಗುಟ್‌ಮನ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಬೂಷ್ಟು ಹಿಡಿದ ಮೀನಿಗೆ, ಮೊಟ್ಟೆಗಳಿಗೆ ಅದು ಒಳ್ಳೆಯ ಔಷಧ. ನೈಟ್ರೈಟಿನಿಂದ ಕಂದಾದ ರಕ್ತವನ್ನು ಸರಿಮಾಡುವ ಗುಣವೂ ಅದಕ್ಕಿದೆ. ತೊಂದರೆ ಏನೆಂದರೆ, ತೊಟ್ಟಿಗೆ ಸುರಿದರೆ ಆಗಷ್ಟೇ ಕಾಲೂರುತ್ತಿರುವ ಆ ಜೀವಿಗಳಿಗೂ ಅದು ಮಾರಕ. ಮೀನನ್ನು ಬೇರೆ ಬಕೆಟ್ಟಿಗೆ ಹಾಕಿ ಕೊಡಬೇಕಾದ ಔಷಧ ಅದು. ಅಮೋನಿಯಾದಿಂದ ನರಳುವ ಮೀನಿಗೆ ಇನ್ನಷ್ಟು ಅಮೋನಿಯಾ ಖಾತ್ರಿ ಮಾಡಿಕೊಡುವ ಬಾಟಲಿಯನ್ನು ವಿವರಣೆಯಿಲ್ಲದೆ ಮಾರುವುದನ್ನು ನಾನು ವ್ಯಾಪಾರ ಎನ್ನಲಾರೆ.

ನಾನು ಫೋನಿನಲ್ಲಿ ಹೇಳುವುದು ಇಷ್ಟು. ಮೂರು ದಿನ ಊಟ ನಿಲ್ಲಿಸಿ. ಬೆಳೆದ, ಆರೋಗ್ಯವಾದ ಗೋಲ್ಡ್‌ಫಿಶ್ ಒಂದು ವಾರ ಉಪವಾಸ ತಡೆಯುತ್ತದೆ. ದೀಪಾವಳಿಗೆ ಊರಿಗೆ ಹೋಗುವಾಗ ವಾಚ್‌ಮನ್ ಕೈಗೆ ಊಟದ ಡಬ್ಬಿ ಕೊಟ್ಟು ಹೋಗುವುದೇ ಹೆಚ್ಚು ಅಪಾಯ. ದಿನಕ್ಕೆ ಕಾಲು ಭಾಗದಿಂದ ಅರ್ಧದಷ್ಟು ನೀರು ತೆಗೆದು, ಅದೇ ಉಷ್ಣತೆಯ, ಕ್ಲೋರಿನ್ ಹೋದ ನೀರು ತುಂಬಿ. ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ ಸಿಗುವ ಹರಳು ಬಹುಮಟ್ಟಿಗೆ ಹೈಪೊ, ಹಳೆಯ ಫೋಟೋ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿದ್ದ ಅದೇ ಹೈಪೊ. 1819ರಲ್ಲಿ ಜಾನ್ ಹರ್ಷೆಲ್ ಅದು ಬೆಳ್ಳಿಯ ಲವಣ ಕರಗಿಸುತ್ತದೆಂದು ಕಂಡುಕೊಂಡಿದ್ದ. ಲೀಟರಿಗೆ ಒಂದೆರಡು ಗ್ರಾಂ ಉಪ್ಪು ಹಾಕಬಹುದು. ಉಪ್ಪು ಅಜ್ಜಿಮದ್ದಿನಂತೆ ಕಂಡರೂ ಅದಕ್ಕೆ ಕಾರಣವಿದೆ: ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿನ ಜೊತೆ ಪೈಪೋಟಿ ಮಾಡಿ ಅದನ್ನು ಒಳಗೆ ಬಿಡುವುದಿಲ್ಲ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಪರಿಚಯದವರ ಮನೆಯಲ್ಲಿ ಹಳೆಯ, ಆರೋಗ್ಯವಾದ ತೊಟ್ಟಿ ಇದ್ದರೆ ಅವರ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ.

ಎಲ್ಲ ಕಾಯಿಲೆಯೂ ನೀರಿನದ್ದೇ ಅಲ್ಲ. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಎದ್ದರೆ ಅದು ಪರೋಪಜೀವಿ; 1876ರಲ್ಲಿ ಫ್ರಾನ್ಸಿನ ಫೂಕೆ ಅದಕ್ಕೆ ಹೆಸರಿಟ್ಟ. ಮಲ್ಟಿಫಿಲಿಸ್, ಬಹುಸಂತಾನಿ. ಚರ್ಮದೊಳಗೆ ಬೆಳೆದು, ತಳಕ್ಕೆ ಬಿದ್ದು, ಒಂದೇ ನೂರಾರಾಗಿ ಒಡೆದು ಮತ್ತೆ ಮೀನು ಹುಡುಕುತ್ತವೆ. ಔಷಧ ಕೊಲ್ಲುವುದು ಹೀಗೆ ಈಜುತ್ತಿರುವವನ್ನು ಮಾತ್ರ. ಆದ್ದರಿಂದ ಚುಕ್ಕೆ ಮಾಯವಾದ ದಿನವೇ ಔಷಧ ನಿಲ್ಲಿಸಬಾರದು. ಇನ್ನು ಗುಂಡು ಹೊಟ್ಟೆಯ, ಜೋಡಿ ಬಾಲದ ಮೀನು ತಲೆಕೆಳಗಾಗಿ ತೇಲುವುದಕ್ಕೆ ಹಲವು ಸಲ ಕಾರಣ ಅದರ ಆಕಾರವೇ. ನೂರಾರು ವರ್ಷ ಅಂದಕ್ಕಾಗಿ ತಳಿ ತೆಗೆದು ತೆಗೆದು ದೇಹ ಗಿಡ್ಡವಾಗಿ, ಒಳಗಿನ ಗಾಳಿಚೀಲಕ್ಕೆ ಜಾಗ ಸಾಲದಾಗಿದೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ. ಕೊಳ್ಳುವಾಗಲೇ ನೀಳ ಮೈಯ ಸಾದಾ ಮೀನು ಕೊಳ್ಳಿ ಎನ್ನುತ್ತೇನೆ, ಯಾರೂ ಕೇಳುವುದಿಲ್ಲ.

ವಿನೊಗ್ರಾಡ್‌ಸ್ಕಿ ಹೆಸರಿಟ್ಟ ನೈಟ್ರೋಬ್ಯಾಕ್ಟರ್ ಎಂಬ ಜೀವಿಯೇ ಅಕ್ವೇರಿಯಮ್ಮಿನ ನೈಟ್ರೈಟ್ ತಿನ್ನುತ್ತದೆ ಎಂದು ನೂರು ವರ್ಷ ಎಲ್ಲ ಪುಸ್ತಕಗಳೂ ಬರೆದವು. ಬಾಟಲಿಗಳಲ್ಲೂ ಅದನ್ನೇ ತುಂಬಿ ಮಾರಿದರು. 1990ರ ದಶಕದಲ್ಲಿ ಟಿಮೊಥಿ ಹೊವನೆಕ್ ಮತ್ತು ಎಡ್ವರ್ಡ್ ಡಿಲಾಂಗ್ ತೊಟ್ಟಿಗಳ ಫಿಲ್ಟರಿನಲ್ಲಿ ಹುಡುಕಿ ನೋಡಿದರೆ ಅದು ಸಿಗಲಿಲ್ಲ. ಕೆಲಸ ಮಾಡುತ್ತಿದ್ದುದು ನೈಟ್ರೋಸ್ಪೈರಾ ಎಂಬ ಬೇರೊಂದು. 2015ರಲ್ಲಿ ಇನ್ನೂ ಒಂದು ಸುದ್ದಿ ಬಂತು. ಕಿರಿಯ ವಾರಿಂಗ್‌ಟನ್ ಎರಡು ಮೆಟ್ಟಿಲೆಂದು ಬೇರ್ಪಡಿಸಿದ್ದ ಕೆಲಸವನ್ನು ಒಂದೇ ಜೀವಿ, ಅದೇ ನೈಟ್ರೋಸ್ಪೈರಾದ ಒಂದು ಬಗೆ, ತಾನೊಂದೇ ಪೂರ್ತಿ ಮಾಡಬಲ್ಲದು ಎಂದು ಎರಡು ತಂಡಗಳು ಪ್ರಕಟಿಸಿದವು. ಅವುಗಳಲ್ಲಿ ಒಂದು ತಂಡ ನೆದರ್ಲೆಂಡ್ಸ್‌ನ ನೈಮೇಗನ್‌ನದು. ಅವರಿಗೆ ಅದು ಸಿಕ್ಕಿದ್ದು ಮೀನು ಸಾಕುವ ತೊಟ್ಟಿಯೊಂದರ ಫಿಲ್ಟರಿನಲ್ಲಿ.